ಅಡಿಕೆ ಚಪ್ಪರದ ವ್ಯಾಜ್ಯಗಳು

ಯಕ್ಷಗಾನದಲ್ಲಿ ಚಿಟ್ಟಾಣಿಯವರು ಹೆಚ್ಚೋ ಕೆರೆಮನೆಯವರು ಹೆಚ್ಚೋ ಎಂಬ ಪ್ರಶ್ನೆಗೆ ನಮ್ಮ ಹೇರೂರು ಸೀಮೆಯಲ್ಲಿ ಮನಸ್ಸು ಕೆಡಿಸಿಕೊಳ್ಳದೆ ಉತ್ತರ ಹೇಳಿದವರು ಕಡಿಮೆ. ತೋಟದ ಗಡಿ, ಕಾಲುವೆ ನೀರಿನ ಸರದಿ, ಸೊಪ್ಪಿನ ಬೆಟ್ಟದ ಹಕ್ಕು, ಇಂಥವಕ್ಕಾದರೆ ಊರ ಹಿರಿಯರಿದ್ದರು. ಅವರೂ ಸಾಲದಿದ್ದರೆ ಸಿದ್ದಾಪುರದ ಕೋರ್ಟಿತ್ತು. ಯಾವ ಕಲಾವಿದನ ಹೆಸರು ಯೋಗ್ಯತೆಗಿಂತ ಮೇಲೆ ಹೋಗಿದೆ ಎಂಬ ವ್ಯಾಜ್ಯಕ್ಕೆ ಮಾತ್ರ ಅಡಿಕೆ ಸುಲಿಯುವ ಚಪ್ಪರವೇ ಗತಿ. ಅಲ್ಲಿ ಕೊಟ್ಟ ತೀರ್ಪಿಗೆ ಮರುದಿನ ಸಂಜೆ ಅದೇ ಚಪ್ಪರದಲ್ಲಿ ಅಪೀಲು.

ನಾನು ಹೇಳುತ್ತಿರುವುದು 1980ರ ದಶಕದ ಕತೆ. ಕೆಂಪಡಿಕೆ ಮಾಡುವ ಮನೆಗಳಲ್ಲಿ ಕೊಯ್ದ ಹಸಿ ಕಾಯಿಯನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವ ಹಾಗಿಲ್ಲ. ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಒಣಹಾಕಬೇಕು. ಹಾಗಾಗಿ ಹಗಲು ಇಳಿದ ಕೊನೆಗಳ ರಾಶಿಯ ಸುತ್ತ ರಾತ್ರಿ ಊಟ ಮುಗಿಸಿದ ಅಕ್ಕಪಕ್ಕದ ಮನೆಯವರೆಲ್ಲ ಸೇರುತ್ತಿದ್ದರು. ಇವತ್ತು ನಮ್ಮಲ್ಲಿ, ನಾಳೆ ಕೆಳಗಿನ ಮನೆಯಲ್ಲಿ. ಸಾಲಾಗಿ ಮೆಟ್ಟುಗತ್ತಿಗಳು, ನಡುವೆ ಕವಳದ ಹರಿವಾಣ, ಹೊತ್ತು ಮೀರಿದ ಮೇಲೆ ಒಂದು ಸುತ್ತು ಕಷಾಯ. ಕೈಗೆ ಬಿಡುವಿಲ್ಲ, ಬಾಯಿಗೆ ಬೇರೆ ಕೆಲಸವಿಲ್ಲ. ಕರಾವಳಿಯ ಮೇಳಗಳು ಘಟ್ಟ ಹತ್ತಿ ನಮ್ಮ ಕಡೆ ತಿರುಗಾಟಕ್ಕೆ ಬರುವುದೂ ಇದೇ ಚಳಿಗಾಲದಲ್ಲಿ. ನಿನ್ನೆ ಬೆಳಗಿನವರೆಗೆ ಆಟ ನೋಡಿ ಬಂದ ಕಣ್ಣುಗಳು ಇವತ್ತು ರಾತ್ರಿ ಅಡಿಕೆಯ ಮುಂದೆ ಕೂತರೆ ಜಗಳಕ್ಕೆ ಬೇರೆ ಸೌದೆ ಯಾಕೆ?

ಆ ಚಪ್ಪರಕ್ಕೆ ಒಂದು ಕಟ್ಟಳೆಯಿತ್ತು. ಯಾರನ್ನು ಬೇಕಾದರೂ ಕಡಿಮೆ ಮಾಡಿ ಮಾತಾಡಬಹುದು, ಆದರೆ ಎಲ್ಲಿ ಕಡಿಮೆಯಾಯಿತು ಎಂಬುದನ್ನು ಹಾಡಿಯೋ ಕುಣಿದೋ ತೋರಿಸಬೇಕು. “ಹಾಡಿ ತೋರ್ಸು ನೋಡನ” ಎಂದು ಒಬ್ಬರು ಅಂದರೆಂದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಬರೀ “ನಂಗೆ ಸೇರ್ತಿಲ್ಲೆ” ಎಂದವರ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಟಕ್ಕೆ ಹೋಗದೆ ಅಭಿಪ್ರಾಯ ಹೇಳುವವರನ್ನಂತೂ ಸಿಪ್ಪೆ ಹೊರಹಾಕುವ ಕೆಲಸಕ್ಕೆ ಎಬ್ಬಿಸುತ್ತಿದ್ದರು.

ಮೊದಲ ದೊಡ್ಡ ಮೊಕದ್ದಮೆ ಕಾಳಿಂಗ ನಾವಡರ ಮೇಲೆ. ಸಾಲಿಗ್ರಾಮ ಮೇಳದ ಆ ಎಳೆಯ ಭಾಗವತರು ಆಗ ಬಡಗುತಿಟ್ಟನ್ನೇ ಮರುಳು ಮಾಡಿದ್ದರು. ನಾರ್ಣಪ್ಪ ಉಪ್ಪೂರರ ಶಿಷ್ಯ, ಗುಂಡ್ಮಿಯವರು, ಹುಟ್ಟಿದ್ದು 1958ರಲ್ಲಿ. ಕಂಠ ಕೇಳಿದರೆ ಡೇರೆಯ ಹೊರಗೆ ಚಹಾ ಕುಡಿಯುತ್ತಿದ್ದವರು ಲೋಟ ಇಟ್ಟು ಒಳಗೆ ಬರುತ್ತಿದ್ದರು. ಯಕ್ಷಗಾನದಲ್ಲಿ ಅಷ್ಟಾಗಿ ಬಳಕೆಯಿಲ್ಲದ ರಾಗಗಳನ್ನು ತಂದು ಪದ್ಯಕ್ಕೆ ಕೂರಿಸಿದರು. ‘ನಾಗಶ್ರೀ’ಯಂಥ ಪ್ರಸಂಗವನ್ನು ತಾವೇ ಬರೆದು ಆಡಿಸಿದರು. ಕ್ಯಾಸೆಟ್ಟುಗಳು ಶಿರಸಿ ಪೇಟೆಯಿಂದ ನಮ್ಮ ಬಸ್ಸಿನವರೆಗೂ ಹಾಡುತ್ತಿದ್ದವು.

ಅಪ್ಪಚ್ಚಿಗೆ ಇದು ಸಹನೆಯಾಗುತ್ತಿರಲಿಲ್ಲ. “ನಾವಡರ ಪದ್ಯ ಕೇಳಲೆ ಬಪ್ಪವು ಆಟ ನೋಡ್ತ್ವಿಲ್ಲೆ” ಎಂಬುದು ಅವನ ಆರೋಪಪಟ್ಟಿಯ ಮೊದಲ ಸಾಲು. ಭಾಗವತನಾದವನು ವೇಷವನ್ನು ಕುಣಿಸಬೇಕು, ತಾನೇ ಮುಂದೆ ಬಂದು ನಿಲ್ಲಬಾರದು. ರಾಗವನ್ನು ಎಳೆದು ಕೂತರೆ ಸಿಟ್ಟಿನ ಪದ್ಯದ ಸಿಟ್ಟೇ ಆರಿಹೋಗುತ್ತದೆ. ಪುರಾಣ ಬಿಟ್ಟು ಕಲ್ಪನೆಯ ಕತೆ ಯಾಕೆ. ಇವು ಉಳಿದ ಸಾಲುಗಳು. ಕಟ್ಟಳೆಯ ಪ್ರಕಾರ ಹಾಡಿ ತೋರಿಸಬೇಕಲ್ಲ? ತೋರಿಸುತ್ತಿದ್ದ. ಒಂದೇ ಪದ್ಯವನ್ನು ಮೊದಲು ಕಡತೋಕಾ ಮಂಜುನಾಥ ಭಾಗವತರ ಹಾಗೆ, ಆಮೇಲೆ ನೆಬ್ಬೂರು ನಾರಾಯಣ ಭಾಗವತರ ಹಾಗೆ, ಕೊನೆಗೆ ನಾವಡರ ಹಾಗೆ. ಚೋದ್ಯವೆಂದರೆ ಮೂರರಲ್ಲಿ ಅವನ ಬಾಯಲ್ಲಿ ಚೆನ್ನಾಗಿ ಬರುತ್ತಿದ್ದದ್ದು ನಾವಡರ ಪದ್ಯವೇ. ನಾವು ಹುಡುಗ ಹುಡುಗಿಯರು ಕಿಸಕ್ಕನೆ ನಕ್ಕರೆ, “ಚಪ್ಪೆ ನಗೆ ಸಾಕು, ಅಡಿಕೆ ಸುಲೀರಿ” ಎಂದು ಗದರುತ್ತಿದ್ದ. ಸಾಲಿಗ್ರಾಮ ಮೇಳ ಸುತ್ತಮುತ್ತ ಎಲ್ಲಿ ಬಂದರೂ ಅಪ್ಪಚ್ಚಿ ಮುಂದಿನ ಸಾಲಿನಲ್ಲಿ ಇರುತ್ತಿದ್ದ. ತಪ್ಪು ಹಿಡಿಯಲು ಹೋಗಬೇಕಾಗುತ್ತದೆ ಎಂಬುದು ಅವನ ಸಮಜಾಯಿಷಿ.

ಎರಡನೆಯ ಮೊಕದ್ದಮೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರದು. ಇದರಲ್ಲಿ ವಾದಿ ನಿವೃತ್ತ ಮಾಸ್ತರು, ಪ್ರತಿವಾದಿ ಕೆಳಗಿನ ಮನೆಯ ಭಾವ. ಮಾಸ್ತರರದು ಓದಿದ ಬಾಯಿ. ಕೀಚಕನಾಗಿ ಬಂದ ಚಿಟ್ಟಾಣಿಯವರು ಸೈರಂಧ್ರಿಯನ್ನು ನೋಡಿದ ಮೇಲೆ ಒಂದೇ ಪದ್ಯಕ್ಕೆ ಅಷ್ಟು ಹೊತ್ತು ಕುಣಿದರೆ ಕತೆ ಎಲ್ಲಿಗೆ ಹೋಗಬೇಕು ಎಂದು ಕೇಳುತ್ತಿದ್ದರು. ಪಾತ್ರಕ್ಕೆ ಮಾತು ಬೇಕು, ಮಾತಿಗೆ ತೂಕ ಬೇಕು, ಕುಣಿತಕ್ಕೆ ಮಿತಿ ಬೇಕು. ಅದಕ್ಕೆ ಕೆರೆಮನೆಯನ್ನು ನೋಡಬೇಕು ಎನ್ನುವುದು ಅವರ ವಾದದ ಮುಕ್ತಾಯ.

ಭಾವನ ಉತ್ತರ ನನಗೆ ಇವತ್ತಿಗೂ ಸರಿಯೆನಿಸುತ್ತದೆ. ಕೀಚಕ ಸಾಯುತ್ತಾನೋ ಇಲ್ಲವೋ ಎಂದು ನೋಡಲು ಯಾರಾದರೂ ಆಟಕ್ಕೆ ಹೋಗುತ್ತಾರೆಯೇ, ಅದು ತೊಟ್ಟಿಲ ಮಗುವಿಗೂ ಗೊತ್ತು. ಅವನು ಆಸೆಪಟ್ಟದ್ದು ಹೇಗೆ ಎಂಬುದಷ್ಟೇ ನೋಡುವುದಕ್ಕಿರುವುದು ಎಂದು ಅವನು ಹೇಳುತ್ತಿದ್ದ. ಹೇಳಿ ಸುಮ್ಮನಿರುವ ಜನವಲ್ಲ. ಮೆಟ್ಟುಗತ್ತಿಯಿಂದ ಎದ್ದು, ಪಂಚೆಗೆ ಅಂಟಿದ ಸಿಪ್ಪೆ ಕೊಡವಿ, ಭಸ್ಮಾಸುರ ವರ ಪಡೆದು ಉಬ್ಬುವ ಕುಣಿತವನ್ನು ರಾಶಿಯ ಸುತ್ತ ತೋರಿಸುತ್ತಿದ್ದ. ಮೈ ಚಿಟ್ಟಾಣಿಯವರದ್ದಲ್ಲ, ಮಂಡಿ ನೋವಿನದು. ಆದರೆ ಕಣ್ಣು ಮಾತ್ರ ಅವರದೇ. ಹುಬ್ಬು ಹಾರಿಸಿ ಅವನು ತಿರುಗಿ ನೋಡಿದ ಕ್ಷಣಕ್ಕೆ ಮಾಸ್ತರರೂ ಸುಲಿಯುವುದನ್ನು ನಿಲ್ಲಿಸುತ್ತಿದ್ದರು.

ಮಾಸ್ತರರ ಕೆರೆಮನೆಗೂ ಎದುರು ಪಕ್ಷವಿತ್ತು. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ, ಮಹಾಬಲ ಹೆಗಡೆಯವರ ಗತ್ತು, ಶಂಭು ಹೆಗಡೆಯವರ ಹರಿಶ್ಚಂದ್ರ, ಕರ್ಣ. ಇವರ ಯೋಗ್ಯತೆಯನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆಕ್ಷೇಪ ಬೇರೆ ಕಡೆಯಿಂದ ಬಂತು. ಶಂಭು ಹೆಗಡೆಯವರು ದಿಲ್ಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆ ಕಲಿತು ಬಂದವರು. ಇಡೀ ರಾತ್ರಿಯ ಪ್ರಸಂಗವನ್ನು ಕೆಲವೇ ತಾಸುಗಳಿಗೆ ಬಿಗಿಗೊಳಿಸಿ ಆಡಿಸುತ್ತಿದ್ದರು. “ನಡುರಾತ್ರಿಗೇ ಮಂಗಲ ಹಾಡಿದ್ರೆ ಆನು ಎಂತಾ ಕತ್ತಲಲ್ಲಿ ಮನೆಗೆ ಬರವ?” ಎಂದು ಭಾವ ಕೇಳಿದ. ಬೆಳಗಿನ ಜಾವದ ರಾಕ್ಷಸ, ಬೆಳಕು ಹರಿಯುವಾಗಿನ ಯುದ್ಧ, ಗದ್ದೆಯ ಮೇಲಿನ ಇಬ್ಬನಿ ತುಳಿದು ವಾಪಸು ನಡೆಯುವುದು, ಇವಿಲ್ಲದೆ ಅದು ಆಟವೇ ಅಲ್ಲ ಎಂದು ಅವನ ಪಟ್ಟು. ಕಲೆ ದೊಡ್ಡ ಸಭೆಗಳಿಗೆ ಹೋಗಬೇಕಾದರೆ ಉಡುಗೆ ಬಿಗಿ ಮಾಡಿಕೊಳ್ಳಲೇಬೇಕು ಎಂದು ಮಾಸ್ತರರ ಉತ್ತರ. ಈ ಒಂದು ವಿಷಯಕ್ಕೆ ಎಷ್ಟೋ ಕ್ವಿಂಟಲ್ ಅಡಿಕೆ ಸುಲಿದಿದ್ದೇವೆ.

ಗಂಡಸರ ಈ ಗಲಾಟೆಗೆ ದೊಡ್ಡಾಯಿ ಕಿವಿಗೊಡದವಳಂತೆ ಕೂತಿರುತ್ತಿದ್ದಳು. ಸುಲಿಯುವುದರಲ್ಲಿ ಅವಳ ಕೈಗೆ ಸಮ ಯಾರೂ ಇಲ್ಲ. ಒಂದು ರಾತ್ರಿ ಭಾವನ ಭಸ್ಮಾಸುರ ಮೂರನೇ ಸುತ್ತು ಹೊರಟಾಗ ಕತ್ತೆತ್ತದೆ ಹೇಳಿದಳು: “ಮೋಹಿನಿ ತಲೆಮೇಲೆ ಕೈ ಇಡ್ದೇ ಹೋಗಿದ್ರೆ ನಿಂಗ್ಳ ಭಸ್ಮಾಸುರ ಬೆಳಗಾದ್ರೂ ಸಾಯ್ತಿದ್ನಿಲ್ಲೆ.” ಚಪ್ಪರ ಗೊಳ್ಳೆಂದಿತು. ಆದರೆ ಅವಳದು ತಮಾಷೆಯಾಗಿರಲಿಲ್ಲ. ಕುಣಿಯುವವನಿಗೆ ಎದುರು ನಿಂತು ಅವನನ್ನು ಕುಣಿಸುವ ಸ್ತ್ರೀವೇಷದವರ ಹೆಸರನ್ನು ನೀವು ಒಮ್ಮೆಯಾದರೂ ಎತ್ತಿದ್ದೀರಾ ಎಂಬುದು ಅವಳ ಪ್ರಶ್ನೆ. ನಮ್ಮದೇ ಸಿದ್ದಾಪುರ ಕಡೆಯ ಶಿರಳಗಿ ಭಾಸ್ಕರ ಜೋಶಿಯವರು ಸೀರೆಯ ಸೆರಗು ಹಿಡಿದು ಅರ್ಧ ತಿರುಗಿ ನಿಲ್ಲುವ ರೀತಿ ಮನೆಯ ಹೆಂಗಸರಿಗೂ ಬರುವುದಿಲ್ಲ ಎಂದು ಅವಳ ಪ್ರಮಾಣ. ಆಮೇಲೆ ಕಟ್ಟಳೆಗೆ ಮರ್ಯಾದೆ ಕೊಟ್ಟು, ಕೂತಲ್ಲೇ ಬಲಗೈಯ ಅಡಿಕೆ ಎಡಗೈಗೆ ದಾಟಿಸಿ, ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು. ಅವತ್ತಿನಿಂದ ವಾದದಲ್ಲಿ ಅವಳಿಗೊಂದು ಜಾಗ ಖಾಯಂ.

ಕೊನೆಗೌಡನದು ಇನ್ನೊಂದೇ ಕಕ್ಷಿ. ಹಗಲಿಡೀ ಮರದ ತುದಿಯಲ್ಲಿ ಕೊನೆ ಕೊಯ್ದು ಬಂದವನು ರಾತ್ರಿ ಚಪ್ಪರದ ಕಂಬಕ್ಕೆ ಒರಗಿ ಕೂರುತ್ತಿದ್ದ. “ಚಂಡೆ ನಿಲ್ಸಿ ನೋಡಿ ಹೆಗಡೇರೆ, ನಿಮ್ಮ ರಾಕ್ಷಸ ಎದ್ದು ನಿಲ್ತಾನಾ ಹೇಳಿ” ಎಂದು ಅವನ ಸವಾಲು. ನಾವಡರ ಪಕ್ಕ ಕೂತ ದುರ್ಗಪ್ಪ ಗುಡಿಗಾರರ ಮದ್ದಳೆ, ಕೆಮ್ಮಣ್ಣು ಆನಂದರ ಚಂಡೆ, ಇವರಿಬ್ಬರು ಇಲ್ಲದಿದ್ದರೆ ಆ ಪದ್ಯ ಅಷ್ಟು ಮೇಲೆ ಹಾರುತ್ತಿತ್ತೇ ಎಂದು ಕೇಳುತ್ತಿದ್ದ. ಅಡಿಕೆ ಅಳೆಯುವ ಡಬ್ಬಿಯನ್ನು ಮಗುಚಿ ಹಾಕಿ ಬೆರಳಲ್ಲಿ ಬಾರಿಸುತ್ತಿದ್ದ. ಏರುಪದ್ಯಕ್ಕೆ ಬರುವ ಪೆಟ್ಟು, ಬಿಡ್ತಿಗೆಯ ಗಂಟು, ಎಲ್ಲ ಅದರಲ್ಲಿ ಕೇಳುತ್ತಿತ್ತು. ಆಗ ಅಪ್ಪಚ್ಚಿ ತಾನಾಗಿ ಪದ್ಯ ಎತ್ತುವನು, ಭಾವನ ಕಾಲು ಅಲ್ಲಾಡುವುದು, ನ್ಯಾಯಾಲಯ ಕಲಾಪ ಮುಂದೂಡುವುದು.

ಮಳೆಗಾಲದಲ್ಲಿ ಸುಲಿಯುವ ಕೆಲಸವಿಲ್ಲ, ಮೇಳವೂ ಇಲ್ಲ. ಆಗ ಮನೆ ಜಗಲಿಯ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಅಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ತರ್ಕ ಹೆಚ್ಚೋ, ಮಲ್ಪೆಯ ಸಾಮಗ ಸಹೋದರರ ಮಾತಿನ ಸೊಗಸು ಹೆಚ್ಚೋ ಎಂದು ಹೊಸ ವ್ಯಾಜ್ಯ. ತರ್ಕದಿಂದ ರಾಮನನ್ನೇ ನಿರುತ್ತರ ಮಾಡುವ ವಾಲಿಯನ್ನು ಮೆಚ್ಚಿದವರನ್ನು ಕಂಡು ಅಜ್ಜ, “ವಾಲಿ ಗೆದ್ರೆ ರಾಮಾಯಣ ಅಲ್ಲಿಗೇ ಮುಗತ್ತು, ಮುಂದೆ ಎಂತಾ ಮಾಡ್ತ್ರೋ?” ಎಂದು ಕೇಳಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಉಂಚಳ್ಳಿ ಜಲಪಾತಕ್ಕೆ ನಮ್ಮ ಕಡೆ ಕೆಪ್ಪ ಜೋಗವೆಂದೂ ಹೆಸರು. ಮಳೆಗಾಲದಲ್ಲಿ ಅದರ ಮುಂದೆ ನಿಂತರೆ ಪಕ್ಕದವನ ಮಾತು ಕೇಳುವುದಿಲ್ಲ. ಹೆಗ್ಗರಣಿ ಕಡೆಯಿಂದ ಬರುವ ನೆಂಟರೊಬ್ಬರು ನಮ್ಮ ಜಗಲಿಗೆ ಕಾಲಿಟ್ಟ ಕೂಡಲೇ, ಅಲ್ಲಿಂದ ಇಲ್ಲಿಗೆ ಬಂದು ಏನೂ ವ್ಯತ್ಯಾಸವಾಗಲಿಲ್ಲ ಎಂದು ಹೇಳುತ್ತಿದ್ದರು.

ಒಂದು ರಜೆಯಲ್ಲಿ ಈ ಕಟಕಟೆಗೆ ಇಂಗ್ಲೆಂಡಿನ ರಾಕ್ ತಂಡವೊಂದು ಬಂದು ನಿಂತಿತು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ದೊಡ್ಡಪ್ಪನ ಮಗ ಟೇಪ್ ರೆಕಾರ್ಡರ್ ಜೊತೆಗೆ ಡೀಪ್ ಪರ್ಪಲ್‌ನ ಕ್ಯಾಸೆಟ್ ತಂದಿದ್ದ, 1972ರ ‘ಮೆಷಿನ್ ಹೆಡ್’. ಅವನ ಹಾಸ್ಟೆಲಿನಲ್ಲೂ ದಿನಾ ಇದೇ ಜಗಳವಂತೆ. ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್‌ಗೆ ಇಲ್ಲದ ಹೊಗಳಿಕೆ, ಆರ್ಗನ್ ನುಡಿಸುವ ಜಾನ್ ಲಾರ್ಡ್‌ನನ್ನು ಕೇಳುವವರಿಲ್ಲ ಎಂದು ಮಾಣಿಗೆ ಸಂಕಟ. ಅಪ್ಪಚ್ಚಿ ಕ್ಯಾಸೆಟ್ ಹಾಕಿಸಿದ. ಅಷ್ಟು ದೂರದಿಂದ ಬಂದ ಗದ್ದಲಕ್ಕೆ ಕೊಟ್ಟಿಗೆಯ ದನಗಳು ಎದ್ದು ನಿಂತವು. ಚಪ್ಪರ ಮಾತ್ರ ಗಂಭೀರವಾಗಿ ವಿಚಾರಣೆಗೆ ಕೂತಿತು.

“ಈ ಪೆಟ್ಟಿಗೆಯವ ಅಡ್ಡಿಲ್ಲೆ” ಎಂದು ಅಪ್ಪಚ್ಚಿ. ಮಾಣಿಗೆ ಪದವಿ ಸಿಕ್ಕಷ್ಟು ಖುಷಿ. ಭಾಗವತ ಕಿರುಚುವುದು ಜಾಸ್ತಿಯಾಯಿತು ಎಂದು ಮಾಸ್ತರರು ಆಕ್ಷೇಪಿಸಿದರೂ, ಶಿವರಾಮ ಕಾರಂತರು ಯಕ್ಷಗಾನಕ್ಕೆ ವಯೊಲಿನ್, ಸ್ಯಾಕ್ಸೊಫೋನ್ ತಂದದ್ದನ್ನು ನೆನಪಿಸಿ ಪೆಟ್ಟಿಗೆಯವನ ಪರ ನಿಂತರು. ಕೊನೆಗೌಡ ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಟ್ಟ: ಚಂಡೆಯವ ಗಟ್ಟಿಗ, ಉಳಿದವರು ಅವನ ಬೆನ್ನ ಮೇಲೆ ಸವಾರಿ ಮಾಡುತ್ತಿದ್ದಾರೆ. ಡ್ರಮ್ಸ್ ಬಾರಿಸಿದ ಇಯಾನ್ ಪೇಸ್‌ಗೆ ಘಟ್ಟದ ಮೇಲಿನ ಒಂದು ಅಡಿಕೆ ಚಪ್ಪರದಲ್ಲಿ ಸಿಕ್ಕ ಈ ಮನ್ನಣೆಯ ಸುದ್ದಿ ಎಂದೂ ಮುಟ್ಟಿರಲಾರದು. ದೊಡ್ಡಾಯಿ, ಇದರಲ್ಲಿ ಸ್ತ್ರೀವೇಷವೇ ಇಲ್ಲವಲ್ಲ ಎಂದು ಕೇಳಿ ಪ್ರಕರಣ ಮುಗಿಸಿದಳು.

ಆ ರಾತ್ರಿಗಳ ಮಾತುಗಳನ್ನು ಒಟ್ಟಿಗಿಟ್ಟು ನೋಡಿದರೆ ಈಗ ಒಂದು ಸಂಗತಿ ಕಾಣುತ್ತದೆ. ಚಪ್ಪರದಲ್ಲಿ ಯಾರ ಹೆಸರು ಹೆಚ್ಚಾಯಿತೆಂದು ವಾದಿಸಿದವರೆಲ್ಲ ಒಳಗೊಳಗೇ ಮತ್ತೊಬ್ಬರ ವಕಾಲತ್ತು ಹಿಡಿದವರು. ಅಪ್ಪಚ್ಚಿ ನಾವಡರನ್ನು ಜರೆಯುತ್ತಿದ್ದದ್ದು ಕಡತೋಕಾ, ನೆಬ್ಬೂರರ ಹೆಸರಿನಲ್ಲಿ ಕ್ಯಾಸೆಟ್ಟಿನಂಗಡಿಯ ಮುಂದೆ ಜನ ಕಿಕ್ಕಿರಿಯುವುದಿಲ್ಲವಲ್ಲ ಎಂಬ ಹೊಟ್ಟೆಯುರಿಗೆ. ಮಾಸ್ತರರಿಗೆ ಮಾತಿನ ಕಲೆಗೆ ಚಪ್ಪಾಳೆ ಬೀಳದ ದುಃಖ. ಭಾವನದು ಬೆಳಗಾಗುವ ರಾತ್ರಿಯ ಪರ ವಾದ, ದೊಡ್ಡಾಯಿಯದು ಮೋಹಿನಿಯ ಪರ, ಗೌಡನದು ಚಂಡೆಯ ಪರ, ಮಾಣಿಯದು ಆರ್ಗನ್ ಪೆಟ್ಟಿಗೆಯ ಪರ. ಕೀರ್ತಿ ಅವರ ಲೆಕ್ಕದಲ್ಲಿ ಇಷ್ಟೇ ಎಂದು ಅಳತೆಯಿರುವ ವಸ್ತು. ಒಬ್ಬನ ಡಬ್ಬಿಗೆ ಹೆಚ್ಚು ಬಿದ್ದರೆ ಮತ್ತೊಬ್ಬನ ಡಬ್ಬಿಯಲ್ಲಿ ಕಡಿಮೆಯಾಗಿರಲೇಬೇಕು, ಅದನ್ನು ಸರಿಮಾಡುವುದು ನೋಡುಗನ ಕರ್ತವ್ಯ ಎಂದು ಅವರು ನಂಬಿದ್ದರು.

1990ರ ಮೇ ತಿಂಗಳಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 32 ಕೂಡ ತುಂಬಿರಲಿಲ್ಲ. ಆ ವರ್ಷ ಚಳಿಗಾಲದ ಸುಲಿತಕ್ಕೆ ಅಪ್ಪಚ್ಚಿ ಪಕ್ಷ ಬದಲಿಸಿದ್ದ. ನಾವಡರ ಧಾಟಿ ಹಿಡಿದು ಹಾಡುವ ಹೊಸಬರು ಎಲ್ಲ ಮೇಳಗಳಲ್ಲೂ ಕಾಣಿಸಿಕೊಂಡಿದ್ದರು. ಅವರಿಗೆ ಬೀಳುತ್ತಿದ್ದ ಚಪ್ಪಾಳೆ ಅವನಿಗೆ ಸಹನೆಯಾಗಲಿಲ್ಲ. “ಅದು ಇವರ ಪಾಲಲ್ಲ, ನಾವಡರ ಪಾಲು” ಎಂದು ಪಟ್ಟು ಹಿಡಿದ. ರಾಗ ಎಳೆಯುವುದು ಬೇರೆ, ಎಳೆದರೂ ತಾಳ ಬಿಡದೆ ವೇಷವನ್ನು ಹಿಡಿದಿಡುವುದು ಬೇರೆ ಎಂದು ಹಾಡಿ ತೋರಿಸಿದ. ಹತ್ತಾರು ಆಟಗಳಲ್ಲಿ ತಪ್ಪು ಹುಡುಕಿದವನಿಗೆ ಆ ಗಾಯನದ ಒಂದೊಂದು ತಿರುವೂ ಬಾಯಿಪಾಠವಿತ್ತು. ಅವರನ್ನು ಮೆಚ್ಚಿದ್ದ ನಮಗೆ ಅಷ್ಟು ವಿವರವಾಗಿ ಹೇಳಲು ಬರುತ್ತಿರಲಿಲ್ಲ.

ಮುಂದೆ ನಾವೆಲ್ಲ ಚದುರಿದೆವು. ಸುಲಿಯುವ ಯಂತ್ರಗಳು ಬಂದವು. ಚಪ್ಪರ ನಿಂತಿದೆ, ಅದರ ಕೆಳಗೆ ಮೋಟಾರು ಓಡುವಾಗ ಮಾತು ಸಾಗುವುದಿಲ್ಲ. 2012ರಲ್ಲಿ ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂದಾಗ ಭಾವ ಊರಿಂದ ಬೆಂಗಳೂರಿಗೆ ಫೋನು ಮಾಡಿ, ಮಾಸ್ತರರ ಮಗನಿಗೆ ತಿಳಿಸಿದ್ಯಾ ಎಂದು ಕೇಳಿದ. ಮಗನೂ ಬಿಡಲಿಲ್ಲ. ಶಿವರಾಮ ಹೆಗಡೆಯವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಈಗ ಪ್ರಶಸ್ತಿ ಕೊಡುವವು ಇನ್ನೂ ಹುಟ್ಟಿದ್ವಿಲ್ಲೆ ಎಂದು ಹೇಳಿಕಳಿಸಿದ. ವ್ಯಾಜ್ಯ ಹೀಗೆ ಎರಡನೇ ತಲೆಮಾರಿಗೆ ದಾಟಿತು.

ಮೂರನೇ ತಲೆಮಾರಿಗೂ ದಾಟಿದೆ, ಬೇರೆ ಹೆಸರುಗಳ ಜೊತೆ. ಹುಬ್ಬಳ್ಳಿಗೆ ಹೋಗಿದ್ದ ಆ ಅಣ್ಣನ ಮಗ 2011ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕಾರ್ಯಕ್ರಮ ನೋಡಿ ಬಂದು ಗಂಟಲು ಕಟ್ಟಿದ ದನಿಯಲ್ಲಿ ಜಗಳವಾಡುತ್ತಿದ್ದ. 1991ರ ನಂತರ ಈ ತಂಡಕ್ಕೆ ಸಿಕ್ಕ ಹೆಸರೆಲ್ಲ ಹಳೆಯ ದುಡಿಮೆಯ ಬಡ್ಡಿ, ಅಸಲು ಕ್ಲಿಫ್ ಬರ್ಟನ್‌ನದು ಎಂದು ಅವನ ವಾದ. ಬರ್ಟನ್ ಬೇಸ್ ಗಿಟಾರ್ ನುಡಿಸುತ್ತಿದ್ದವನು. 1986ರಲ್ಲಿ ಸ್ವೀಡನ್ನಿನಲ್ಲಿ ತಂಡದ ಬಸ್ಸು ಮಗುಚಿ ತೀರಿಕೊಂಡ, 24 ವರ್ಷ. ಹುಡುಗ ಕಾಳಿಂಗ ನಾವಡರನ್ನು ಕಂಡವನಲ್ಲ. ಅಪ್ಪಚ್ಚಿಯ ಮಾತನ್ನಂತೂ ಕೇಳಿರಲು ಸಾಧ್ಯವೇ ಇಲ್ಲ. ಆದರೆ “ಅದು ಇವರ ಪಾಲಲ್ಲ” ಎಂಬ ಅದೇ ದನಿ. ಇಷ್ಟವಿಲ್ಲದ ತಂಡವನ್ನು ನೋಡಲು ಅಷ್ಟು ದುಡ್ಡು ಕೊಟ್ಟು ಯಾಕೆ ಹೋದೆ ಎಂದು ಕೇಳಿದೆ. ಹೋಗದೆ ಹೇಗೆ ಹೇಳುವುದು ಎಂದು ನನ್ನನ್ನೇ ಕೇಳಿದ. ಚಪ್ಪರದ ಕಟ್ಟಳೆಯನ್ನು ಇವನಿಗೆ ಯಾರು ಹೇಳಿಕೊಟ್ಟರೋ!

ಈಗ ಊರಿನಲ್ಲಿ ಆಟಕ್ಕೆ ಹೋದರೆ ನಡುವೆ ಸನ್ಮಾನ ಇರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಉದ್ದನೆಯ ಬಿರುದು. ಕಲಾವಿದರಿಗೆ ಗೌರವ ಸಿಗುವುದು ಒಳ್ಳೆಯದೇ; ಹಿಂದಿನವರಲ್ಲಿ ಎಷ್ಟೋ ಜನ ಅದಿಲ್ಲದೆ ಹೋದರು. ಆದರೆ ಮರುದಿನ ಯಾರೂ ಆಟದ ಬಗ್ಗೆ ಜಗಳವಾಡುವುದಿಲ್ಲ. ಮೊಬೈಲಿನಲ್ಲಿ ಎರಡು ನಿಮಿಷದ ಪದ್ಯ ಬರುತ್ತದೆ, ಕೈ ಮುಗಿದ ಚಿತ್ರವೊಂದನ್ನು ಒತ್ತಿ ಮುಂದೆ ಹೋಗುತ್ತೇವೆ. ಎಲ್ಲರೂ ಅದ್ಭುತವೆಂದಾಗ ಚಂಡೆಯವನ ಪಾಲು ಎಷ್ಟೆಂದು ಅಳೆಯುವವರಾರು? ಚಿಟ್ಟಾಣಿಯವರಿಗೆ ಮಾಸ್ತರರಂಥ ಎದುರಾಳಿ ಇದ್ದದ್ದರಿಂದಲೇ ಭಾವನಂಥ ಅಭಿಮಾನಿ ಅಷ್ಟು ಹರಿತವಾದ. ಬರಿಯ ಹೊಗಳಿಕೆಯ ನಡುವೆ ಬೆಳೆದಿದ್ದರೆ ಅವನೂ ಚಪ್ಪಾಳೆ ತಟ್ಟಿ ಮಲಗುತ್ತಿದ್ದ.

ಚಪ್ಪರದಲ್ಲಿ ನನಗೆ ವಾದಿಸುವ ವಯಸ್ಸಾಗುವ ಮೊದಲೇ ಮದುವೆಯಾಗಿ ಹೊರಟೆ. ಬಾಕಿ ಉಳಿದ ನನ್ನ ಅರ್ಜಿಯನ್ನು ಇಲ್ಲಿ ಸಲ್ಲಿಸುತ್ತೇನೆ. ಹೊಸ್ತೋಟ ಮಂಜುನಾಥ ಭಾಗವತರ ಹೆಸರು ಇನ್ನೂ ದೊಡ್ಡದಾಗಬೇಕಿತ್ತು. ಪ್ರಸಂಗಗಳನ್ನು ಬರೆದರು, ಊರೂರು ತಿರುಗಿ ಕಲಿಸಿದರು, ಕಣ್ಣು ಕಾಣದ ಮಕ್ಕಳ ಕೈಕಾಲು ಮುಟ್ಟಿ ಹೆಜ್ಜೆ ತಿದ್ದಿ ರಂಗಕ್ಕೆ ತಂದರು, 2020ರ ಜನವರಿಯಲ್ಲಿ ಹೋದರು. ಅವರ ಪಾಲಿನ ಕೀರ್ತಿ ಯಾರ ಡಬ್ಬಿಯಲ್ಲಿದೆ ಎಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಒಪ್ಪದವರು ಹೇರೂರಿಗೆ ಬರಲಿ, ಯಂತ್ರ ಬಂದ್ ಮಾಡಿಸಿ ಕೂರೋಣ. ಬರುವವರು ಹಾಡಲು ತಯಾರಾಗಿ ಬರಬೇಕು.